ಹಡಗು ಸಿಕ್ಕಿಕೊಂಡಿತು, ಊರು ತೇಲಿತು: ‘ವಿಸ್ಕಿ ಗಲೋರ್’ ನೋಡುವ ಮುಂಚೆ ಗೊತ್ತಿರಬೇಕಾದದ್ದು

ಹೈವೇಯಲ್ಲಿ ಬಿಯರ್ ಲಾರಿ ಪಲ್ಟಿ ಹೊಡೆದ ವಿಡಿಯೊ ಒಂದಲ್ಲ ಒಂದು ಸಲ ನಿಮ್ಮ ಫೋನಿಗೂ ಬಂದಿರುತ್ತದೆ. ಡ್ರೈವರ್ ತಲೆ ಮೇಲೆ ಕೈ ಹೊತ್ತು ಕೂತಿರುತ್ತಾನೆ. ಸುತ್ತಮುತ್ತಲಿನವರು ಹೆಲ್ಮೆಟ್ಟಿನಲ್ಲಿ, ಪಂಚೆಯ ಮಡಿಲಲ್ಲಿ, ಸ್ಕೂಟರಿನ ಡಿಕ್ಕಿಯಲ್ಲಿ ಬಾಟಲಿ ತುಂಬಿಕೊಳ್ಳುತ್ತಿರುತ್ತಾರೆ. ಕಳ್ಳತನ ಮಾಡ್ತಿದ್ದೀವಿ ಅನ್ನುವ ಭಾವ ಒಬ್ಬರ ಮುಖದಲ್ಲೂ ಇರುವುದಿಲ್ಲ. ಜಾತ್ರೆಯ ಖುಷಿ ಇರುತ್ತದೆ. ಪೊಲೀಸರು ಬಂದಾಗ ಮಾತ್ರ ಎಲ್ಲರಿಗೂ ತುರ್ತು ಕೆಲಸ ನೆನಪಾಗುತ್ತದೆ.

ಈಗ ಲಾರಿಯ ಜಾಗದಲ್ಲಿ ಎಂಟು ಸಾವಿರ ಟನ್ನಿನ ಹಡಗನ್ನು ಇಟ್ಟುಕೊಳ್ಳಿ. ಬಿಯರ್ ಬದಲು ಎರಡೂವರೆ ಲಕ್ಷಕ್ಕೂ ಮಿಕ್ಕಿದ ಸ್ಕಾಚ್ ಬಾಟಲಿ. ಹೈವೇ ಬದಲು ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರಕ್ಕೆ ಮುಖ ಮಾಡಿ ಕೂತಿರುವ ಪುಟ್ಟ ದ್ವೀಪ. ಕಾಲ, ಎರಡನೇ ಮಹಾಯುದ್ಧ. ಇದು ನಿಜವಾಗಿ ನಡೆದದ್ದು. ಇದರಿಂದ ಒಂದು ಕಾದಂಬರಿ ಬಂತು. ಕಾದಂಬರಿಯಿಂದ 1949ರಲ್ಲಿ ‘ವಿಸ್ಕಿ ಗಲೋರ್!’ ಅನ್ನುವ ಕಪ್ಪು ಬಿಳುಪು ಸಿನಿಮಾ ಬಂತು. 82 ನಿಮಿಷದ ಈ ಚಿತ್ರವನ್ನು ಬ್ರಿಟನ್ನಿನವರು ತಮ್ಮ ಅತಿ ಒಳ್ಳೆಯ ಹಾಸ್ಯಚಿತ್ರಗಳ ಸಾಲಿನಲ್ಲಿ ಇಂದಿಗೂ ಎಣಿಸುತ್ತಾರೆ.

2025ರ ಜುಲೈನಲ್ಲಿ ಭಾರತ ಮತ್ತು ಬ್ರಿಟನ್ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದಾಗ ಸ್ಕಾಚ್ ಮೇಲಿನ ಸುಂಕ ನಮ್ಮ ಟೀವಿಗಳಲ್ಲೂ ದೊಡ್ಡ ಸುದ್ದಿಯಾಯಿತು. 150 ಪರ್ಸೆಂಟ್ ಇದ್ದದ್ದು ಮೊದಲು 75ಕ್ಕೆ, ಆಮೇಲೆ ಹತ್ತು ವರ್ಷದಲ್ಲಿ 40ಕ್ಕೆ ಇಳಿಯುತ್ತದೆ ಅಂತ ಒಪ್ಪಂದ ಹೇಳುತ್ತದೆ. ಈ ಸಿನಿಮಾದ ಜಗಳದ ಬೇರು ಕೂಡ ಅದೇ, ಸುಂಕ. ಆದರೆ ನಮ್ಮಂಥವರು ಯಾವ ಹಿನ್ನೆಲೆಯೂ ಗೊತ್ತಿಲ್ಲದೆ ನೋಡಲು ಕೂತರೆ ಅರ್ಧ ಜೋಕು ತಲೆ ಮೇಲಿಂದ ಹಾರಿಹೋಗುತ್ತದೆ. ಮಧ್ಯರಾತ್ರಿ ಗಡಿಯಾರ ಹೊಡೆದ ಕೂಡಲೇ ಆ ಗಂಡಸರೆಲ್ಲ ಯಾಕೆ ಕಲ್ಲಾಗಿ ನಿಂತರು? ಆ ಕ್ಯಾಪ್ಟನ್ ಪೊಲೀಸನಾ, ಮಿಲಿಟರಿಯವನಾ? ಎರಡೂ ಅಲ್ಲದಿದ್ದರೆ ಅವನಿಗೇನು ಉರಿ? ಒಂದೊಂದಾಗಿ ನೋಡೋಣ.

ಹೆಸರಿನ ಒಳಗೆ ಏನಿದೆ

ಸ್ಕಾಟ್ಲೆಂಡಿನ ಪಶ್ಚಿಮದ ದ್ವೀಪಗಳಲ್ಲಿ ಇಂಗ್ಲಿಷಿಗೆ ಮುಂಚೆ ಆಡುತ್ತಿದ್ದ, ಈಗಲೂ ಕೆಲವರ ಮನೆಮಾತಾಗಿರುವ ಭಾಷೆ ಗೇಲಿಕ್. ಸಿನಿಮಾದ ಹೆಸರಿನ ಎರಡೂ ಪದ ಅಲ್ಲಿಂದಲೇ ಬಂದಿವೆ. ‘ವಿಸ್ಕಿ’ಯ ಮೂಲದಲ್ಲಿ ಇರುವುದು ‘ಜೀವಜಲ’ ಅನ್ನುವ ಅರ್ಥದ ಗೇಲಿಕ್ ಮಾತು. ‘ಗಲೋರ್’ ಅಂದರೆ ಬೇಕಾದಷ್ಟು, ಯಥೇಚ್ಛ. ಗೇಲಿಕ್‌ನಲ್ಲಿ ಈ ಪದ ನಾಮಪದದ ಹಿಂದೆ ಬರುತ್ತದೆ. ಅದನ್ನು ಎತ್ತಿಕೊಂಡ ಇಂಗ್ಲಿಷ್ ಕೂಡ ಹಾಗೇ ಹಿಂದೆಯೇ ಇಟ್ಟುಕೊಂಡಿತು.

ಒಟ್ಟಿನಲ್ಲಿ ಹೆಸರಿನ ಅರ್ಥ ‘ಬೇಕಾದಷ್ಟು ವಿಸ್ಕಿ’. ಊರಲ್ಲಿ ಒಂದು ತೊಟ್ಟೂ ಇಲ್ಲದ ಹೊತ್ತಿನಲ್ಲಿ ಕಥೆ ಶುರುವಾಗುತ್ತದೆ ಅನ್ನುವುದನ್ನು ನೆನಪಿಟ್ಟುಕೊಂಡರೆ ಹೆಸರೇ ಅರ್ಧ ತಮಾಷೆ.

ನಿಜವಾಗಿ ನಡೆದದ್ದು

1941ರ ಫೆಬ್ರವರಿ 3ರಂದು ‘ಎಸ್.ಎಸ್. ಪೊಲಿಟಿಷಿಯನ್’ ಅನ್ನುವ ಸರಕಿನ ಹಡಗು ಲಿವರ್‌ಪೂಲ್ ಬಂದರು ಬಿಟ್ಟಿತು. ಹೌದು, ಹಡಗಿನ ಹೆಸರೇ ರಾಜಕಾರಣಿ. ಅದು ಹೋಗಬೇಕಿದ್ದದ್ದು ಜಮೈಕಾದ ಕಿಂಗ್‌ಸ್ಟನ್ನಿಗೆ, ಅಲ್ಲಿಂದ ಅಮೆರಿಕದ ನ್ಯೂ ಆರ್ಲಿಯನ್ಸಿಗೆ. ಸಮುದ್ರದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳ ಕಾಟ ಇದ್ದ ಕಾಲ. ಹಡಗು ಸ್ಕಾಟ್ಲೆಂಡಿನ ಪಶ್ಚಿಮ ತೀರದ ಪಕ್ಕದಲ್ಲಿ ಉತ್ತರಕ್ಕೆ ಹೊರಟಿತ್ತು. ಎರಡು ದಿನದ ನಂತರ, 5ನೇ ತಾರೀಖು, ಕೆಟ್ಟ ಹವೆಯಲ್ಲಿ ಎರಿಸ್ಕೇ ದ್ವೀಪದ ಹತ್ತಿರ ಬಂಡೆಗೆ ತಾಗಿ ಕಚ್ಚಿಕೊಂಡಿತು. ಯಾರ ಪ್ರಾಣವೂ ಹೋಗಲಿಲ್ಲ. ಹಡಗಿನವರನ್ನೆಲ್ಲ ದಡ ಸೇರಿಸಲಾಯಿತು.

ಹಡಗಿನ ಹೊಟ್ಟೆಯಲ್ಲಿ ಬಟ್ಟೆ, ಸೈಕಲ್, ಇನ್ನೂ ಏನೇನೋ ಇತ್ತು. ಜಮೈಕಾಗೆ ಅಂತ ಅಚ್ಚು ಹಾಕಿಸಿದ ಹತ್ತು ಶಿಲಿಂಗಿನ ಲಕ್ಷಗಟ್ಟಲೆ ನೋಟುಗಳೂ ಇದ್ದವು. ಮತ್ತೆ 5ನೇ ನಂಬರಿನ ಸರಕು ಕೋಣೆಯಲ್ಲಿ ಸುಮಾರು 22,000 ಪೆಟ್ಟಿಗೆ ಸ್ಕಾಚ್. ಪೆಟ್ಟಿಗೆಗೆ ಹನ್ನೆರಡು ಬಾಟಲಿ, ಲೆಕ್ಕ ಹಾಕಿದರೆ 2,64,000. ಎರಿಸ್ಕೇಯಲ್ಲಿ ಆಗ ಇದ್ದ ಜನ ಸುಮಾರು 400. ತಲೆಗೆ ಎಷ್ಟು ಬಂತು ಅಂತ ನೀವೇ ಭಾಗಿಸಿಕೊಳ್ಳಿ. ದ್ವೀಪದವರು ಭಾಗಿಸಿ ನೋಡಿಯೇ ಇರುತ್ತಾರೆ ಅಂತ ನನ್ನ ಗುಮಾನಿ.

ಸರಕು ಎತ್ತುವ ಕಂಪನಿಯವರು ಬಂದರು, ನೋಡಿದರು. ಆ ಕೋಣೆಯಲ್ಲಿ ಸಮುದ್ರದ ನೀರೂ ಹಡಗಿನಿಂದ ಸೋರಿದ ಎಣ್ಣೆಯೂ ಕಲೆತು ತುಂಬಿಕೊಂಡಿತ್ತು. ವಿಸ್ಕಿಯನ್ನು ಬಿಟ್ಟು ಬೇರೆ ಮಾಲು ಎತ್ತಿಕೊಂಡು ಅವರು ಹೊರಟರು. ಅಷ್ಟು ಸಾಕಾಯಿತು. ಕತ್ತಲಾದ ಮೇಲೆ ಚಿಕ್ಕ ದೋಣಿಗಳು ಹೊರಟವು. ಎರಿಸ್ಕೇಯಿಂದ ಮಾತ್ರ ಅಲ್ಲ, ಅಕ್ಕಪಕ್ಕದ ದ್ವೀಪಗಳಿಂದಲೂ ಜನ ಬಂದರು. ಮೀನು ಹಿಡಿಯುವವರಿಗೆ ಆ ನೀರು ಅಂಗೈ ಗೆರೆಯಷ್ಟು ಪರಿಚಯ. ಲಾಟೀನು ಬೆಳಕಿನಲ್ಲಿ ಹಗ್ಗ ಹಿಡಿದು ಇಳಿಯುವುದು, ಎಣ್ಣೆ ನೀರಿನೊಳಗೆ ತಡಕಾಡಿ ಪೆಟ್ಟಿಗೆಗೆ ಕೊಕ್ಕೆ ಹಾಕುವುದು, ಮೇಲಕ್ಕೆ ಎಳೆಯುವುದು. ಒಂದೇ ತೊಂದರೆ ಅಂದರೆ ಆ ಎಣ್ಣೆ. ಅಂಗಿಗೆ ಹತ್ತಿದರೆ ಹೋಗುತ್ತಿರಲಿಲ್ಲ. ಮಾರನೇ ದಿನ ಪೊಲೀಸರಿಗೆ ಅದೇ ಸಾಕ್ಷಿ. ಅದಕ್ಕೆ ಕೆಲವರು ಹೆಂಡತಿಯ ಹಳೇ ಫ್ರಾಕು ಹಾಕಿಕೊಂಡು ಹಡಗಿಗೆ ಇಳಿದರು. ಗಡ್ಡ ಬಿಟ್ಟ ಮೀನುಗಾರರು ಫ್ರಾಕು ತೊಟ್ಟು, ಚಳಿಗಾಲದ ಅಟ್ಲಾಂಟಿಕ್ ಗಾಳಿಯಲ್ಲಿ ದೋಣಿ ಹುಟ್ಟು ಹಾಕಿಕೊಂಡು ಹೋಗುವುದನ್ನು ಸ್ವಲ್ಪ ಕಣ್ಣಿಗೆ ತಂದುಕೊಳ್ಳಿ. ಯಾವ ಚಿತ್ರಕಥೆಗಾರ ಹೀಗೆ ಬರೆದಿದ್ದರೂ ‘ಅತಿಯಾಯಿತು’ ಅನ್ನುತ್ತಿದ್ದೆವು.

ಹೀಗೆ ಹೋದ ಬಾಟಲಿಗಳು ಸುಮಾರು 24,000 ಅಂತ ಒಂದು ಲೆಕ್ಕ ಇದೆ.

ಹಾಗಾದರೆ ಮಾಲು ಯಾರದ್ದು?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಸಿನಿಮಾ ಇದನ್ನು ಬಾಯಿಬಿಟ್ಟು ವಿವರಿಸುವುದಿಲ್ಲ.

ಕಾನೂನಿನ ಕಣ್ಣಲ್ಲಿ ಹಡಗು ಒಡೆದ ಮಾತ್ರಕ್ಕೆ ಅದರ ಮಾಲು ಅನಾಥ ಆಗುವುದಿಲ್ಲ. ಲಾರಿ ಬಿದ್ದರೂ ಬಿಯರ್ ಕಂಪನಿಯದ್ದೇ ಅಲ್ವಾ, ಹಾಗೆ. ಯಜಮಾನನದ್ದು, ಅವನಿಗೆ ವಿಮೆ ಕೊಟ್ಟವರಿದ್ದರೆ ಅವರದ್ದು. ಬ್ರಿಟನ್ನಿನಲ್ಲಿ ಇದಕ್ಕೆ 1894ರ ಕಾಯ್ದೆ ಇತ್ತು. ಒಡೆದ ಹಡಗಿನ ವಸ್ತು ಯಾರಿಗೆ ಸಿಕ್ಕಿದರೂ ‘ರಿಸೀವರ್ ಆಫ್ ರೆಕ್’ ಅನ್ನುವ ಅಧಿಕಾರಿಗೆ ತಿಳಿಸಬೇಕು. ಕಷ್ಟಪಟ್ಟು ಮಾಲು ಉಳಿಸಿಕೊಟ್ಟವರಿಗೆ ಯಜಮಾನನಿಂದ ಕೂಲಿ ಸಿಗಬಹುದು. ಆದರೆ ಮಾಲೇ ಅವರದ್ದಾಗುವುದಿಲ್ಲ. ಈ ಎರಡರ ಮಧ್ಯೆ ಇರುವ ಗೆರೆ ಮೀನುಗಾರರ ಕಣ್ಣಿಗೆ ಅಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಕಾಣಬೇಕು ಅಂತ ಅವರಿಗೆ ಆಸೆಯೂ ಇರಲಿಲ್ಲ ಅನ್ನಿ. ಸಮುದ್ರ ತಂದು ದಡಕ್ಕೆ ಹಾಕಿದ್ದು ದಡದವನದ್ದು, ಇದು ಅವರ ಹಳೆಯ ನ್ಯಾಯ. ಮರವೇ ಬೆಳೆಯದ ದ್ವೀಪಗಳಲ್ಲಿ ತೇಲಿಬಂದ ದಿಮ್ಮಿಯಿಂದಲೇ ಮನೆಗೆ ತೊಲೆ ಹಾಕಿಕೊಂಡ ಜನ. ಅದೇ ಸಮುದ್ರ ಅವರ ಮನೆಯ ಗಂಡಸರನ್ನು ನುಂಗಿದ್ದೂ ಉಂಟು. ಕೊಡುವುದು ತಗೊಳ್ಳುವುದು ಎರಡೂ ಅದರ ಲೆಕ್ಕದಲ್ಲೇ.

ನಮ್ಮ ದೇಶದಲ್ಲೂ 1958ರ ಹಡಗು ಕಾಯ್ದೆಯಲ್ಲಿ ಇಂಥದ್ದೇ ‘ರಿಸೀವರ್’ ಇದ್ದ. 2025ರ ಮೇ ತಿಂಗಳಲ್ಲಿ ಕೊಚ್ಚಿಯ ಆಚೆ ‘ಎಂಎಸ್‌ಸಿ ಎಲ್ಸಾ 3’ ಮುಳುಗಿ ಕೇರಳದ ದಡಕ್ಕೆ ಕಂಟೇನರುಗಳು ಬಂದು ಬಿದ್ದಾಗ, ಹತ್ತಿರ ಹೋಗಬೇಡಿ, ಮುಟ್ಟಬೇಡಿ ಅಂತ ಅಧಿಕಾರಿಗಳು ಜನರಿಗೆ ಪದೇ ಪದೇ ಹೇಳಿದ್ದು ನೆನಪಿರಬಹುದು. ಅಲ್ಲಿ ಅಪಾಯಕಾರಿ ರಾಸಾಯನಿಕಗಳ ಭಯ ದೊಡ್ಡದಾಗಿತ್ತು. ಎರಿಸ್ಕೇಯವರು ತಮ್ಮ ಸರಕಿನಲ್ಲಿ ಅಂಥ ಅಪಾಯ ಏನನ್ನೂ ಕಾಣಲಿಲ್ಲ.

ಸುಂಕದವನ ಸಿಟ್ಟು

ಮಾಲಿನ ಯಜಮಾನರಿಗಿಂತ ಜಾಸ್ತಿ ಉರಿದುಬಿದ್ದವರು ಕಸ್ಟಮ್ಸ್‌ನವರು. ಯಾಕೆ?

ವಿಮಾನ ನಿಲ್ದಾಣದ ಡ್ಯೂಟಿ ಫ್ರೀ ಅಂಗಡಿ ನೆನಪು ಮಾಡಿಕೊಳ್ಳಿ. ಅಲ್ಲಿ ಬಾಟಲಿ ಅಗ್ಗ, ಯಾಕೆಂದರೆ ಅದು ದೇಶದೊಳಗೆ ಮಾರುವ ಮಾಲಲ್ಲ ಅಂತ ಲೆಕ್ಕ. ಪೊಲಿಟಿಷಿಯನ್ ಹಡಗಿನ ಸ್ಕಾಚ್ ಕೂಡ ಹಾಗೆಯೇ. ಹೊರದೇಶಕ್ಕೆ ಹೋಗುವ ಮಾಲಾದ್ದರಿಂದ ಅದಕ್ಕೆ ಅಬಕಾರಿ ಸುಂಕ ಕಟ್ಟಿರಲಿಲ್ಲ. ಈಗ ಅದು ಹೊರಗೆ ಹೋಗುವ ಬದಲು ದೇಶದೊಳಗೇ, ಜನರ ಗಂಟಲಿಗೆ ಇಳಿಯುತ್ತಿತ್ತು. ಯುದ್ಧದ ಖರ್ಚಿಗೆ ಸರ್ಕಾರ ಪೈಸೆ ಪೈಸೆ ಎಣಿಸುತ್ತಿದ್ದಾಗ ಸಾವಿರಾರು ಬಾಟಲಿ ಸುಂಕವಿಲ್ಲದೆ ಖಾಲಿಯಾದರೆ ಖಜಾನೆಗೆ ಖೋತಾ. ಲೋಕ್‌ಬೋಯ್ಸ್‌ಡೇಲ್ ಅನ್ನುವ ಹತ್ತಿರದ ಬಂದರಿನ ಕಸ್ಟಮ್ಸ್ ಅಧಿಕಾರಿ ಚಾರ್ಲ್ಸ್ ಮ್ಯಾಕಾಲ್ ಇದನ್ನು ಹಠ ಹಿಡಿದು ಬೆನ್ನಟ್ಟಿದರು. ಪೊಲೀಸರನ್ನು ಕರೆದುಕೊಂಡು ಮನೆ ಮನೆ ತಡಕಾಡಿಸಿದರು. ದ್ವೀಪದವರ ಕಡೆಯಿಂದ ಕೇಳಿದರೆ, ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಆಯಿತು ಅನ್ನುವ ನಮ್ಮ ಗಾದೆಗೆ ಇದಕ್ಕಿಂತ ಹೊಂದುವ ಸಂದರ್ಭ ಸಿಗಲಿಕ್ಕಿಲ್ಲ.

ಅಷ್ಟೊಂದು ವಿಸ್ಕಿಯನ್ನು ಯುದ್ಧದ ಮಧ್ಯೆ ಅಮೆರಿಕಕ್ಕೆ ಯಾಕೆ ಕಳಿಸುತ್ತಿದ್ದರು ಅನ್ನುವುದೂ ಗೊತ್ತಿರಬೇಕು. ಬ್ರಿಟನ್ನಿಗೆ ಆಗ ಬೇಕಿದ್ದದ್ದು ಡಾಲರು. ಅಮೆರಿಕದಿಂದ ಶಸ್ತ್ರ, ಆಹಾರ ತರಿಸಬೇಕು ಅಂದರೆ ನಗದು ಕೊಡಬೇಕಿತ್ತು. ಸಾಲದ ರೂಪದಲ್ಲಿ ಕೊಡುವ ಕಾನೂನು ಅಮೆರಿಕದಲ್ಲಿ ಬಂದದ್ದು ಹಡಗು ಸಿಕ್ಕಿಕೊಂಡ ಮುಂದಿನ ತಿಂಗಳು, 1941ರ ಮಾರ್ಚ್‌ನಲ್ಲಿ. ಅಮೆರಿಕದವರು ಖುಷಿಯಿಂದ ಡಾಲರು ಸುರಿಯುವ ವಸ್ತು ಸ್ಕಾಚ್. ಹಾಗಾಗಿ ಒಳ್ಳೆಯ ಮಾಲೆಲ್ಲ ಹಡಗು ಹತ್ತುತ್ತಿತ್ತು. ವಿಸ್ಕಿಗೆ ಬೇಕಾದ ಬಾರ್ಲಿ ಜನರ ಹೊಟ್ಟೆಗೂ ಬೇಕಾದ್ದರಿಂದ ಹೊಸದಾಗಿ ಕಾಯಿಸುವುದೂ ಕಡಿಮೆಯಾಗುತ್ತಾ ಬಂತು. ಸ್ಕಾಚ್ ಹುಟ್ಟಿದ ನೆಲದವನಿಗೇ ಸ್ಕಾಚ್ ಇಲ್ಲ. ಕಾಫಿ ತೋಟದ ಮನೆಯಲ್ಲಿ ಚಿಕೋರಿ ಕುಡಿದು ಒಳ್ಳೆ ಬೀಜವನ್ನೆಲ್ಲ ಹೊರಗೆ ಕಳಿಸಿದ ಹಾಗೆ.

ಟಾಡೆ ದ್ವೀಪದ ಕಥೆ

ಸಿನಿಮಾದಲ್ಲಿ ಎರಿಸ್ಕೇ ‘ಟಾಡೆ’ ಆಗಿದೆ. ಹಡಗು ‘ಕ್ಯಾಬಿನೆಟ್ ಮಿನಿಸ್ಟರ್’ ಆಗಿದೆ. ರಾಜಕಾರಣಿಗೆ ಮಂತ್ರಿ ಪದವಿ ಸಿಕ್ಕಿದೆ ಅಷ್ಟೇ. ಪೆಟ್ಟಿಗೆಗಳೂ 50,000ಕ್ಕೆ ಏರಿವೆ. ವರ್ಷ 1943.

ಶುರುವಿನಲ್ಲೇ ದ್ವೀಪದಲ್ಲಿ ವಿಸ್ಕಿ ಮುಗಿದುಹೋಗುತ್ತದೆ. ಇದನ್ನು ಸಿನಿಮಾ ಸಾವಿನ ಸುದ್ದಿಯ ಗಾಂಭೀರ್ಯದಲ್ಲಿ ಹೇಳುತ್ತದೆ. ಗಂಡಸರು ದಡದಲ್ಲಿ ಸುಮ್ನೆ ಕೂತು ಸಮುದ್ರ ನೋಡುತ್ತಾರೆ. ಒಬ್ಬ ಮುದುಕ ಸುದ್ದಿ ಕೇಳಿ ಹಾಸಿಗೆ ಹಿಡಿದು ತೀರಿಕೊಳ್ಳುತ್ತಾನೆ. ಆಮೇಲೆ ಒಂದು ಮಂಜಿನ ರಾತ್ರಿ ಹಡಗು ಬಂದು ಬಂಡೆಗೆ ತಗಲುತ್ತದೆ.

ಈ ಮಧ್ಯೆ ಎರಡು ಮದುವೆ ಮಾತು ನಡೆಯುತ್ತಿವೆ. ಅಂಚೆ ಕಚೇರಿ ಮತ್ತು ಅಂಗಡಿ ನಡೆಸುವ ಜೋಸೆಫ್ ಮ್ಯಾಕ್‌ರೂನ್‌ಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವರ ಒಪ್ಪಿಗೆ ಇದ್ದರೆ ಸಾಲದು. ಊರ ಪದ್ಧತಿ ಪ್ರಕಾರ ನಿಶ್ಚಿತಾರ್ಥ ಆಗಬೇಕು. ವಿಸ್ಕಿ ಇಲ್ಲದೆ ನಿಶ್ಚಿತಾರ್ಥ ಇಲ್ಲ. ನಮ್ಮಲ್ಲಿ ಎಲೆ ಅಡಿಕೆ ಇಲ್ಲದೆ ತಾಂಬೂಲ ಬದಲಾಯಿಸಲು ಆಗುತ್ತದೆಯೇ? ಅಲ್ಲಿ ವಿಸ್ಕಿಯ ಸ್ಥಾನ ಅದು. ಕುಡುಕರ ಕಥೆ ಅಂದುಕೊಂಡು ನೋಡಲು ಕೂತವರು ಇಲ್ಲೇ ಎಡವುತ್ತಾರೆ. ಆ ಊರಲ್ಲಿ ಮದುವೆ ಮಾತು, ಸ್ನೇಹ, ಹಾಡು, ಸಾವಿನ ಮನೆ, ಎಲ್ಲಕ್ಕೂ ಅದೊಂದು ಬೇಕೇ ಬೇಕು. ಒಬ್ಬ ಮಗಳನ್ನು ಬಯಸುವ ಶಾಲಾ ಮೇಷ್ಟ್ರು ಜಾರ್ಜ್, ಅಮ್ಮನೆದುರು ಬಾಯಿ ಬಿಡಲಾರದ ಪುಕ್ಕಲ. ಆಯಮ್ಮ ಅವನನ್ನು ಕೋಣೆಯಲ್ಲಿ ಕೂಡಿಹಾಕುವಷ್ಟು ಕಟ್ಟುನಿಟ್ಟು. ಅವನು ಮೊದಲ ಸಲ ಅಮ್ಮನಿಗೆ ಎದುರು ಮಾತಾಡುವುದು ಹೊಟ್ಟೆಗೆ ಒಂದೆರಡು ಗುಟುಕು ಇಳಿದ ಮೇಲೆ.

ಗಡಿಯಾರ ಹನ್ನೆರಡು ಹೊಡೆದಾಗ

ಚಿತ್ರದ ಅತಿ ಪ್ರಸಿದ್ಧ ದೃಶ್ಯ ಇದು. ಶನಿವಾರ ರಾತ್ರಿ. ಹಡಗಿನಲ್ಲಿ ಏನಿದೆ ಅಂತ ಊರಿಗೆಲ್ಲ ಗೊತ್ತಾಗಿದೆ. ದೋಣಿಗಳು ಸಿದ್ಧ. ಗಂಡಸರು ದಡದಲ್ಲಿ, ಇನ್ನೇನು ಹೊರಡಬೇಕು. ಆಗ ಊರಿನ ಗಡಿಯಾರ ಹನ್ನೆರಡು ಹೊಡೆಯುತ್ತದೆ. ಒಬ್ಬೊಬ್ಬರೇ ನಿಂತುಬಿಡುತ್ತಾರೆ. ಭಾನುವಾರ ಶುರುವಾಯಿತು.

ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಅನ್ನುವ ಕಟ್ಟುನಿಟ್ಟಿನ ಪ್ರಾಟೆಸ್ಟೆಂಟ್ ಪಂಗಡದ ಕ್ರೈಸ್ತರಿಗೆ ಭಾನುವಾರ ಅಂದರೆ ‘ಸಬ್ಬತ್’. ಆ ದಿನ ಕೆಲಸ ಇಲ್ಲ, ಆಟ ಇಲ್ಲ, ದೋಣಿ ಇಳಿಸುವ ಮಾತೇ ಇಲ್ಲ. ಏಕಾದಶಿ ದಿನವೇ ಬಿಸಿ ಬಿಸಿ ಹೋಳಿಗೆ ಮನೆಬಾಗಿಲಿಗೆ ಬಂದು ನಿಂತರೆ ಹೇಗೆ? ಮಾರನೇ ದಿನ ಪಾರಣೆಯ ಹೊತ್ತಿಗೆ ಹೋಳಿಗೆ ಉಳಿದಿರುತ್ತದೋ ಇಲ್ಲವೋ ಅನ್ನುವ ಅನುಮಾನ ಬೇರೆ. ಹಡಗು ಯಾವ ಗಳಿಗೆಯಲ್ಲಾದರೂ ಮುಳುಗಬಹುದು. ಆದರೂ ಇಡೀ ಊರು ಇಪ್ಪತ್ತನಾಲ್ಕು ಗಂಟೆ ದಡದಲ್ಲಿ ನಿಂತು, ಚರ್ಚಿಗೆ ಹೋಗಿ, ವಾಪಸ್ ಬಂದು, ಮತ್ತೆ ದಡದಲ್ಲಿ ನಿಂತು ಕಾಯುತ್ತದೆ. ಸರ್ಕಾರದ ಕಾನೂನನ್ನು ಮುರಿಯಲು ತುದಿಗಾಲಲ್ಲಿ ನಿಂತಿರುವ ಜನ ದೇವರ ಕಾನೂನನ್ನು ಒಂದು ನಿಮಿಷವೂ ಮೀರುವುದಿಲ್ಲ. ಇವರು ಪುಂಡರಲ್ಲ, ಇವರಿಗೂ ಕಟ್ಟಳೆ ಇದೆ, ಅದು ಲಂಡನ್ನಿನಲ್ಲಿ ಬರೆದದ್ದಲ್ಲ ಅಂತ ಒಂದು ಗಡಿಯಾರದ ಸದ್ದಿನಲ್ಲಿ ಹೇಳಿಬಿಟ್ಟಿದ್ದಾರೆ.

ಇಲ್ಲೊಂದು ತಮಾಷೆ ಇದೆ. ನಿಜವಾದ ಎರಿಸ್ಕೇ ಕ್ಯಾಥೊಲಿಕ್ ದ್ವೀಪ. ಚಿತ್ರೀಕರಣ ನಡೆದ ಪಕ್ಕದ ಬಾರಾ ದ್ವೀಪವೂ ಹಾಗೇ. ಅಲ್ಲಿ ಭಾನುವಾರದ ಮಡಿ ಇಷ್ಟು ಬಿಗಿ ಇಲ್ಲ. ಕಾದಂಬರಿಯಲ್ಲಿ ಎರಡು ದ್ವೀಪಗಳಿದ್ದವು, ಒಂದು ಪ್ರಾಟೆಸ್ಟೆಂಟ್, ಇನ್ನೊಂದು ಕ್ಯಾಥೊಲಿಕ್. ಸಿನಿಮಾ ಎರಡನ್ನೂ ಸೇರಿಸಿ ಒಂದೇ ಮಾಡಿಕೊಂಡು ಸಬ್ಬತ್ತನ್ನು ಉಳಿಸಿಕೊಂಡಿತು. ಉತ್ತರದ ಲೂಯಿಸ್ ದ್ವೀಪದಲ್ಲಾದರೆ ಇದು ಉತ್ಪ್ರೇಕ್ಷೆ ಏನಲ್ಲ. ಅಲ್ಲಿನ ಸ್ಟಾರ್ನೊವೇ ಊರಿಗೆ ಭಾನುವಾರದ ಫೆರ್ರಿ ಶುರುವಾದದ್ದೇ 2009ರಲ್ಲಿ, ಅದೂ ಜಗಳದ ಮಧ್ಯೆ.

ವ್ಯಾಗೆಟ್ ಅನ್ನುವ ಪಾಪದ ಮನುಷ್ಯ

ಇನ್ನು ಆ ಕ್ಯಾಪ್ಟನ್. ಪಾಲ್ ವ್ಯಾಗೆಟ್ ಇಂಗ್ಲಿಷರವನು, ದ್ವೀಪಕ್ಕೆ ಬಂದು ನೆಲೆಸಿದವನು. ಸೈನ್ಯದವನೂ ಅಲ್ಲ, ಪೊಲೀಸನೂ ಅಲ್ಲ. ಅವನು ‘ಹೋಮ್ ಗಾರ್ಡ್’ ಪಡೆಯ ಮುಖ್ಯಸ್ಥ. 1940ರ ಮೇ ತಿಂಗಳಲ್ಲಿ, ಜರ್ಮನಿ ಇಂದೋ ನಾಳೆಯೋ ಇಂಗ್ಲೆಂಡಿಗೆ ನುಗ್ಗುತ್ತದೆ ಅನ್ನುವ ಭಯ ಇದ್ದಾಗ, ಸೈನ್ಯಕ್ಕೆ ಸೇರದ ಊರ ಗಂಡಸರನ್ನೇ ಸೇರಿಸಿ ಕಟ್ಟಿದ ಸ್ವಯಂಸೇವಕರ ಪಡೆ ಅದು. ಹಗಲು ಅಂಗಡಿ, ಸಂಜೆ ಕವಾಯತು. ಹಿಟ್ಲರನ ಸೈನ್ಯ ಟಾಡೆಗೆ ಬಂದಿಳಿಯುವ ಸಾಧ್ಯತೆ ಎಷ್ಟು ಅಂತ ವ್ಯಾಗೆಟ್‌ನನ್ನು ಬಿಟ್ಟು ಊರಿಗೆಲ್ಲ ಗೊತ್ತು.

ಹಡಗಿನ ಮಾಲು ಕಾಯಲು ಅವನಿಗೆ ಯಾರೂ ಹೇಳಿಲ್ಲ. ನಿಯಮ ನಿಯಮವೇ, ಒಂದು ಕಡೆ ಬಿಟ್ಟರೆ ಎಲ್ಲ ಕುಸಿಯುತ್ತದೆ ಅನ್ನುವುದು ಅವನ ನಂಬಿಕೆ. ಕಾವಲಿಗೆ ಸಾರ್ಜೆಂಟ್ ಆಡ್‌ನನ್ನು ನಿಲ್ಲಿಸುತ್ತಾನೆ. ಆದರೆ ಆಡ್ ಮದುವೆಯಾಗಬೇಕಿರುವುದು ಅಂಗಡಿಯವನ ಮಗಳು ಪೆಗ್ಗಿಯನ್ನು. ವಿಸ್ಕಿ ಇಲ್ಲದಿದ್ದರೆ ಅವನ ನಿಶ್ಚಿತಾರ್ಥವೂ ಇಲ್ಲ! ಭಾನುವಾರ ಮಧ್ಯರಾತ್ರಿ ಕಳೆದ ಮೇಲೆ ಕಾವಲುಗಾರ ಅದೆಷ್ಟು ಸುಲಭವಾಗಿ ‘ಸೆರೆ ಸಿಕ್ಕ’ ಅಂತ ನೀವೇ ನೋಡಿ.

ಆಮೇಲಿನದ್ದೆಲ್ಲ ಚಾಪೆ ಮತ್ತು ರಂಗೋಲಿಯ ಆಟ. ಅವನು ಚಾಪೆ ಕೆಳಗೆ ನುಸುಳಿದರೆ ಇವರು ರಂಗೋಲಿ ಕೆಳಗೆ. ವ್ಯಾಗೆಟ್ ಕಸ್ಟಮ್ಸ್‌ನವರನ್ನು ಕರೆಸುತ್ತಾನೆ. ಅವರು ಬರುತ್ತಿರುವ ಸುದ್ದಿ ಮುಂಚೆಯೇ ಊರಿಗೆ ಮುಟ್ಟುತ್ತದೆ. ಸಂತೋಷದಲ್ಲಿ ಮುಳುಗಿದ್ದ ಮನೆಗಳೆಲ್ಲ ಒಂದೇ ಉಸಿರಿನಲ್ಲಿ ಬಾಟಲಿ ಬಚ್ಚಿಡಲು ಶುರುಮಾಡುತ್ತವೆ. ಮಗುವಿನ ತೊಟ್ಟಿಲಲ್ಲಿ ಮಗುವಿನ ಕೆಳಗೆ, ಕಡುಬಿನಂಥ ತಿಂಡಿಯ ಹೊಟ್ಟೆಯೊಳಗೆ, ಮಳೆನೀರಿನ ದೋಣಿಯಲ್ಲಿ. ಮಾತೇ ಇಲ್ಲದ ಈ ಎರಡು ಮೂರು ನಿಮಿಷವನ್ನು ಸಂಕಲನ ಕಲಿಯುವವರು ಎದುರಿಗಿಟ್ಟುಕೊಂಡು ನೋಡಬೇಕು. ಯಾರೂ ಯಾರಿಗೂ ಏನೂ ಹೇಳಿಕೊಡುವುದಿಲ್ಲ. ಅಜ್ಜಿಯಿಂದ ಹಿಡಿದು ಹುಡುಗರ ತನಕ ಎಲ್ಲರಿಗೂ ತಮ್ಮ ಕೆಲಸ ಗೊತ್ತು. ಕೊನೆಗೆ ವ್ಯಾಗೆಟ್ ತಾನೇ ಹೊರಗೆ ಕಳಿಸಿದ ಮದ್ದುಗುಂಡಿನ ಪೆಟ್ಟಿಗೆಯಲ್ಲಿ ವಿಸ್ಕಿ ಸಿಗುತ್ತದೆ. ಕಾನೂನು ಕಾಯಲು ಹೊರಟವನೇ ಮೇಲಿನವರಿಗೆ ಉತ್ತರ ಹೇಳಬೇಕಾಗುತ್ತದೆ. ಆಗ ಅವನ ಹೆಂಡತಿ ನಗುತ್ತಾಳೆ. ತಡೆಯಲಾರದೆ ನಗುತ್ತಾಳೆ. ವ್ಯಾಗೆಟ್ ಪಾತ್ರ ಮಾಡಿದ ಬೇಸಿಲ್ ರ‍್ಯಾಡ್‌ಫೋರ್ಡ್ ಆ ಹೊತ್ತಿನಲ್ಲಿ ಮುಖ ಇಟ್ಟುಕೊಳ್ಳುವುದನ್ನು ನೋಡಿದರೆ ನನಗೆ ನಗುವಿಗಿಂತ ಅಯ್ಯೋ ಅನ್ನಿಸುವುದೇ ಜಾಸ್ತಿ.

ಹಾಗೆ ಅನ್ನಿಸುವುದು ಆಕಸ್ಮಿಕ ಅಲ್ಲ. ನಿರ್ದೇಶಕ ಅಲೆಕ್ಸಾಂಡರ್ ಮ್ಯಾಕೆಂಡ್ರಿಕ್‌ಗೆ ಇದು ಮೊದಲ ಸಿನಿಮಾ. ಹುಟ್ಟಿದ್ದು ಅಮೆರಿಕದ ಬಾಸ್ಟನ್ನಿನಲ್ಲಿ, ಬೆಳೆದದ್ದು ಗ್ಲಾಸ್ಗೋದ ಪ್ರಾಟೆಸ್ಟೆಂಟ್ ಶಿಸ್ತಿನಲ್ಲಿ. ಅವನ ಒಲವು ವ್ಯಾಗೆಟ್ ಕಡೆಗಿತ್ತು. ಇಡೀ ಕಥೆಯಲ್ಲಿ ತತ್ವಕ್ಕೆ ನಿಂತವನು ವ್ಯಾಗೆಟ್ ಒಬ್ಬನೇ ಅನ್ನುವುದು ಮ್ಯಾಕೆಂಡ್ರಿಕ್‌ನ ವಾದ. ನಿರ್ಮಾಪಕ ಮೊನ್ಯಾ ಡ್ಯಾನಿಶೆವ್‌ಸ್ಕಿಯ ಒಲವು ಪೂರ್ತಿ ದ್ವೀಪದವರ ಕಡೆಗೆ. ಇಬ್ಬರೂ ಚಿತ್ರೀಕರಣದ ಉದ್ದಕ್ಕೂ ಇದೇ ವಿಷಯಕ್ಕೆ ಎಳೆದಾಡಿದರು. ಸಿನಿಮಾ ಒಂದು ಕಡೆಗೆ ಪೂರ್ತಿ ವಾಲದೆ ನಿಂತಿರುವುದಕ್ಕೆ ಆ ಎಳೆದಾಟವೇ ಕಾರಣ ಅಂತ ನನಗೆ ಅನ್ನಿಸುತ್ತದೆ.

ಕಾದಂಬರಿ ಬರೆದ ಕಾಂಪ್ಟನ್ ಮೆಕೆಂಜಿಯ ವಿಷಯ ಇನ್ನೂ ಸೊಗಸು. ಬಾರಾ ದ್ವೀಪದಲ್ಲಿ ಮನೆ ಕಟ್ಟಿಕೊಂಡಿದ್ದ ಅವನು ಯುದ್ಧದ ಕಾಲದಲ್ಲಿ ಅಲ್ಲಿನ ಹೋಮ್ ಗಾರ್ಡ್‌ನ ಕ್ಯಾಪ್ಟನ್ ಆಗಿದ್ದ. ಅಂದರೆ ವ್ಯಾಗೆಟ್ ಕೂತ ಕುರ್ಚಿಯಲ್ಲೇ ಕೂತು ಬಂದವನು ವ್ಯಾಗೆಟ್‌ನ ಕಥೆ ಬರೆದ. ಕಾದಂಬರಿ ಬಂದದ್ದು 1947ರಲ್ಲಿ. ಎರಡನೇ ಮಹಾಯುದ್ಧದಲ್ಲಿ ಭಾರತೀಯ ಸೈನಿಕರು ಹೋರಾಡಿದ ಚರಿತ್ರೆಯನ್ನು ‘ಈಸ್ಟರ್ನ್ ಎಪಿಕ್’ ಅನ್ನುವ ದಪ್ಪ ಪುಸ್ತಕವಾಗಿ ಬರೆದವನೂ ಇವನೇ. ಸಿನಿಮಾದಲ್ಲಿ ಸಿಕ್ಕಿಕೊಂಡ ಹಡಗಿನ ಕ್ಯಾಪ್ಟನ್ ಆಗಿ ಒಂದು ಗಳಿಗೆ ಮುಖ ತೋರಿಸಿ ಹೋಗುತ್ತಾನೆ.

ಚರ್ಚಿನ ಹಾಲ್ ಸ್ಟುಡಿಯೊ ಆದದ್ದು

ಲಂಡನ್ನಿನ ಪಶ್ಚಿಮಕ್ಕಿರುವ ಈಲಿಂಗ್ ಅನ್ನುವ ಬಡಾವಣೆಯಲ್ಲಿ ಒಂದು ಚಿಕ್ಕ ಸ್ಟುಡಿಯೊ ಇತ್ತು. ಮೈಕಲ್ ಬಾಲ್ಕನ್ ಅದರ ಯಜಮಾನಿಕೆ ನೋಡಿಕೊಳ್ಳುತ್ತಿದ್ದ. ಅಲ್ಲಿಂದ ಬಂದ ಹಾಸ್ಯಚಿತ್ರಗಳಿಗೆ ‘ಈಲಿಂಗ್ ಕಾಮಿಡಿ’ ಅನ್ನುವ ಹೆಸರೇ ನಿಂತುಹೋಯಿತು. ಚಿಕ್ಕ ಗುಂಪು, ದೊಡ್ಡ ಅಧಿಕಾರ, ಮಧ್ಯೆ ಕಿತಾಪತಿ, ಇದು ಆ ಚಿತ್ರಗಳಲ್ಲಿ ಅನೇಕದ ಜಾಡು. ಅದೇ 1949ರಲ್ಲಿ ಬಂದ ‘ಪಾಸ್‌ಪೋರ್ಟ್ ಟು ಪಿಮ್ಲಿಕೊ’ದಲ್ಲಿ ಲಂಡನ್ನಿನ ಒಂದು ಬೀದಿಯವರು ತಾವು ಬೇರೆ ದೇಶ ಅಂತ ಹೇಳಿಕೊಂಡು ರೇಷನ್ ಕಾರ್ಡು ಹರಿದುಹಾಕುತ್ತಾರೆ.

ರೇಷನ್ ಮಾತು ಇಲ್ಲಿ ಸುಮ್ನೆ ಬರಲಿಲ್ಲ. ಯುದ್ಧ ಮುಗಿದು ನಾಲ್ಕು ವರ್ಷವಾಗಿದ್ದರೂ ಬ್ರಿಟನ್ನಿನಲ್ಲಿ ರೇಷನ್ ಮುಗಿದಿರಲಿಲ್ಲ. 1949ರ ಏಪ್ರಿಲ್‌ನಲ್ಲಿ ಮಿಠಾಯಿ ಮೇಲಿನ ಕಟ್ಟು ತೆಗೆದರು. ಜನ ಮುಗಿಬಿದ್ದರು, ಆಗಸ್ಟ್‌ನಲ್ಲಿ ಮತ್ತೆ ಕಟ್ಟು ಬಂತು. ಪೂರ್ತಿ ಮುಗಿದದ್ದು 1954ರಲ್ಲಿ. ಜೂನ್ 1949ರಲ್ಲಿ ಟಿಕೆಟ್ ಕೊಂಡು ಥಿಯೇಟರಿನಲ್ಲಿ ಕೂತವನ ಜೇಬಿನಲ್ಲಿ ರೇಷನ್ ಪುಸ್ತಕ ಇತ್ತು. ಪರದೆ ಮೇಲೆ ಯಾವ ಕೂಪನ್ನೂ ಇಲ್ಲದೆ ಪೆಟ್ಟಿಗೆ ಪೆಟ್ಟಿಗೆ ಮಾಲು ದಡಕ್ಕೆ ಬರುವುದನ್ನು ನೋಡಿ ಅವನಿಗೆ ಎಂಥ ತೃಪ್ತಿಯಾಗಿರಬೇಡ!

ಈಲಿಂಗ್ ಸ್ಟುಡಿಯೊದಲ್ಲಿ ಜಾಗ ಖಾಲಿ ಇರಲಿಲ್ಲ. ಹಾಗಾಗಿ 1948ರ ಬೇಸಿಗೆಯಲ್ಲಿ ತಂಡ ಸಾಮಾನು ಸರಂಜಾಮು ಕಟ್ಟಿಕೊಂಡು ಬಾರಾ ದ್ವೀಪಕ್ಕೇ ಹೋಯಿತು. ಕಾಸಲ್‌ಬೇ ಊರಿನ ಚರ್ಚ್ ಹಾಲ್ ಸ್ಟುಡಿಯೊ ಆಯಿತು. ದ್ವೀಪದವರೇ ಗುಂಪಿನ ದೃಶ್ಯಗಳಿಗೆ ಬಂದರು. ಹೆಸರಿಗೆ ಬೇಸಿಗೆ, ಆದರೆ ಮಳೆ ಬಿಡಲಿಲ್ಲ. ಲೆಕ್ಕ ಹಾಕಿದ ದಿನಗಳು ದಾಟಿಹೋದವು. ಸಿನಿಮಾದ ಮೊದಲ ಸಂಕಲನ ಬಾಲ್ಕನ್‌ಗೆ ಹಿಡಿಸಲೇ ಇಲ್ಲ. ಚಾರ್ಲ್ಸ್ ಕ್ರಿಕ್ಟನ್ ಅನ್ನುವ ಅನುಭವಿ ಕೂತು ಮತ್ತೆ ಜೋಡಿಸಿಕೊಟ್ಟ. ಹೀಗೆ ಸೋಲುವ ಲಕ್ಷಣ ಎಲ್ಲ ಇದ್ದ ಸಿನಿಮಾ ಗೆದ್ದಿತು. ಮ್ಯಾಕೆಂಡ್ರಿಕ್ ಆಮೇಲೆ ‘ದಿ ಲೇಡಿಕಿಲ್ಲರ್ಸ್’ ಮಾಡಿದ, ಅಮೆರಿಕಕ್ಕೆ ಹೋಗಿ ‘ಸ್ವೀಟ್ ಸ್ಮೆಲ್ ಆಫ್ ಸಕ್ಸೆಸ್’ ಮಾಡಿದ, ಕೊನೆಗೆ ಕ್ಯಾಲಿಫೋರ್ನಿಯಾದಲ್ಲಿ ಸಿನಿಮಾ ಪಾಠ ಹೇಳಿಕೊಟ್ಟ.

ಅಮೆರಿಕದಲ್ಲಿ ಹೆಸರಿಗೇ ತಕರಾರು ಬಂತು. ಅಲ್ಲಿನ ಸೆನ್ಸಾರು ನಿಯಮಕ್ಕೆ ಹೆಸರಿನಲ್ಲಿ ಮದ್ಯ ಇರುವುದು ಸರಿಬರಲಿಲ್ಲ. ‘ಟೈಟ್ ಲಿಟಲ್ ಐಲೆಂಡ್’ ಅಂತ ಬದಲಾಯಿಸಿದರು. ‘ಟೈಟ್’ ಆಗುವುದು ಅಂದರೆ ಏನು ಅಂತ ಬೆಂಗಳೂರಿನ ಬಾರ್‌ಗಳಲ್ಲಿ ಕೂತವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮುಂಬಾಗಿಲಲ್ಲಿ ತಡೆದದ್ದು ಹಿತ್ತಲಲ್ಲಿ ಒಳಗೆ ಬಂತು.

ಪರದೆಯ ಮೇಲೆ ಬರದದ್ದು

ಸಿನಿಮಾದಲ್ಲಿ ಊರು ಗೆಲ್ಲುತ್ತದೆ. ನಿಜದಲ್ಲಿ ಅಷ್ಟು ಸಲೀಸಾಗಿ ಮುಗಿಯಲಿಲ್ಲ. ಲೋಕ್‌ಮ್ಯಾಡಿಯ ಕೋರ್ಟಿನಲ್ಲಿ ಕೇಸು ನಡೆದವು. ಕೆಲವರಿಗೆ ಸಣ್ಣ ದಂಡ ಬಿತ್ತು. ಇನ್ನು ಕೆಲವರು ಕೆಲವು ವಾರ ಇನ್ವರ್ನೆಸ್ ಜೈಲಿನಲ್ಲಿ ಕಳೆದರು. ಮನೆಯ ದೋಣಿ, ಬಲೆ, ಕುರಿ ಬಿಟ್ಟು ಅಷ್ಟು ದಿನ ದೂರ ಇರುವುದು ದ್ವೀಪದ ಮನೆಗೆ ಸಣ್ಣ ಪೆಟ್ಟಲ್ಲ. ಯುದ್ಧದ ಕಾಲ, ಬಹಳಷ್ಟು ಮನೆಯ ಹುಡುಗರು ನೌಕಾಪಡೆಯಲ್ಲೋ ಸರಕಿನ ಹಡಗಿನಲ್ಲೋ ಇದ್ದರು.

ಜಮೈಕಾದ ನೋಟುಗಳೂ ಎಲ್ಲ ವಾಪಸ್ ಸಿಗಲಿಲ್ಲ. ಅಧಿಕಾರಿಗಳಿಗೆ ಅದು ವಿಸ್ಕಿಗಿಂತ ದೊಡ್ಡ ತಲೆನೋವಾಯಿತು. ಸಿನಿಮಾದಲ್ಲಿ ಅದರ ಸುಳಿವೇ ಇಲ್ಲ. ಬಾಟಲಿ ಎತ್ತಿಕೊಂಡವನನ್ನು ನೋಡಿ ನಗಬಹುದು, ನೋಟಿನ ಕಟ್ಟು ಎತ್ತಿಕೊಂಡವನನ್ನು ನೋಡಿ ಅಷ್ಟು ಆರಾಮಾಗಿ ನಗುವುದು ಕಷ್ಟ.

ಹಡಗು ಕೊನೆಗೆ ಎರಡು ತುಂಡಾಯಿತು. ಒಂದು ತುಂಡನ್ನು ಎಳೆದುಕೊಂಡು ಹೋದರು. ಉಳಿದ ತುಂಡಿನಲ್ಲಿ ಇನ್ನೂ ಬಾಟಲಿಗಳಿದ್ದವು. 1942ರ ಆಗಸ್ಟ್‌ನಲ್ಲಿ ಅದಕ್ಕೆ ಡೈನಮೈಟ್ ಇಟ್ಟು ಸಿಡಿಸಿದರು. ದಡದಲ್ಲಿ ನಿಂತು ನೋಡಿದ ದ್ವೀಪದವರಿಗೆ ಜೈಲಿಗಿಂತ ಇದೇ ಜಾಸ್ತಿ ನೋವಾಯಿತು ಅನ್ನುವ ಮಾತಿದೆ.

ಗೋಡೆಯೊಳಗೆ, ಮೊಲದ ಬಿಲದಲ್ಲಿ, ಒಲೆಗೆ ಅಂತ ಕಡಿದಿಟ್ಟ ಜೌಗುಮಣ್ಣಿನ ರಾಶಿಯ ಕೆಳಗೆ ಬಚ್ಚಿಟ್ಟ ಬಾಟಲಿಗಳಲ್ಲಿ ಕೆಲವನ್ನು ಎಲ್ಲಿಟ್ಟೆವು ಅಂತ ಬಚ್ಚಿಟ್ಟವರೇ ಮರೆತರು. ಬಚ್ಚಿಡುವಾಗ ಯಾವ ಸ್ಥಿತಿಯಲ್ಲಿದ್ದರು ಅನ್ನುವುದನ್ನೂ ಲೆಕ್ಕಕ್ಕೆ ತಗೊಳ್ಳಬೇಕು. ಅಂಥವು ದಶಕಗಳ ನಂತರವೂ ಸಿಗುತ್ತಿದ್ದವು. 2013ರಲ್ಲಿ ಈ ಹಡಗಿನ ಎರಡು ಬಾಟಲಿ ಹರಾಜಿನಲ್ಲಿ 12,000 ಪೌಂಡಿಗೂ ಹೆಚ್ಚಿಗೆ ಹೋದವು. ಎರಿಸ್ಕೇಯಲ್ಲಿ 1988ರಿಂದ ಒಂದು ಪಬ್ ಇದೆ. ಅದರ ಹೆಸರು ‘ಆಮ್ ಪೊಲಿಟಿಷಿಯನ್’. ಅಲ್ಲಿ ಕೂತು ಕುಡಿಯುವ ವಿಸ್ಕಿಗೆ ಸುಂಕ ಕಟ್ಟಿರುತ್ತದೆ.